ಓದುವ ಕೊಠಡಿಯ ಚಾವಣಿ ಸೆನ್ಸರಿಗೆ, ಅಲುಗಾಡದೆ ಕುಳಿತವರ ಅಹವಾಲು

ಸನ್ಮಾನ್ಯ ಸೆನ್ಸರ್ ಅವರ ದಿವ್ಯ ಸನ್ನಿಧಾನಕ್ಕೆ,
ಸಾರ್ವಜನಿಕ ಓದುವ ಕೊಠಡಿಯ ಚಾವಣಿ,
ನಗರಸಭೆಯ ಹಳೆಯ ಕಟ್ಟಡ, ಎರಡನೆಯ ಮಹಡಿ.

ಮಾನ್ಯರೇ,

ತಮ್ಮ ದುಂಡನೆಯ ಬಿಳಿ ಮುಖಕ್ಕೂ, ಅದರ ನಡುವೆ ಕಡಲೆಕಾಳಿನಷ್ಟಿರುವ ಕೆಂಪು ಕಣ್ಣಿಗೂ, ಆ ಕಣ್ಣಿನ ಹಿಂದೆ ಇರಬಹುದಾದ, ಇಲ್ಲದಿರಲೂಬಹುದಾದ ಅಂತಃಕರಣಕ್ಕೂ ಕೆಳಗೆ ಸಹಿ ಮಾಡಿರುವ ವೃದ್ಧನು ಮೊದಲಾಗಿ ವಂದಿಸಿ, ತಾವು ಅಲ್ಲಿ ಮೇಲೆ ಕ್ಷೇಮವೆಂದು ಭಾವಿಸಿ, ತಮ್ಮ ಗಮನಕ್ಕೆ ಬಾರದಿದ್ದರೂ ಕೆಳಗೆ ನಾವೂ ಜೀವಂತವಾಗಿಯೇ ಇದ್ದೇವೆಂದು ಅರಿಕೆ ಮಾಡಿಕೊಂಡು, ಅತ್ಯಂತ ವಿನಯಪೂರ್ವಕವಾಗಿ ಈ ಪತ್ರವನ್ನು ಸಲ್ಲಿಸುತ್ತಿದ್ದಾನೆ.

ಇದನ್ನು ನ್ಯಾಯವಾಗಿ ನಗರಸಭೆಯ ಸುಸ್ಥಿರ ನಗರ ವಿಭಾಗಕ್ಕೆ ಬರೆಯಬೇಕಾಗಿತ್ತು. ಬರೆದೂ ಆಯಿತು, ಮೂರು ಬಾರಿ. ಮೂರು ಬಾರಿಯೂ ಪತ್ರವನ್ನು ಬಿಚ್ಚದೆಯೇ ಬಾಯಲ್ಲಿ ಕೊಟ್ಟ ಉತ್ತರದ ಸಾರಾಂಶ "ನಾವೇನ್ ಮಾಡೋಕಾಗುತ್ತೆ, ಸೆನ್ಸರ್ ಹಾಗೆ ಹೇಳ್ತಿದೆಯಲ್ಲ" ಎಂಬುದೇ ಆಗಿದ್ದರಿಂದ, ಅಧಿಕಾರವು ಎಲ್ಲಿ ನೆಲೆಸಿದೆಯೋ ನೇರವಾಗಿ ಅಲ್ಲಿಗೇ ಅರ್ಜಿ ಹಾಕುವುದು ಲೇಸೆಂದು ಬಗೆದೆನು. ನ್ಯಾಯಾಲಯದ ನಕಲು ವಿಭಾಗದಲ್ಲಿ ನಲವತ್ತೊಂದು ವರ್ಷ ಪರರ ಅರ್ಜಿಗಳನ್ನು ಒಂದು ಅಲ್ಪವಿರಾಮವೂ ಜಾರದಂತೆ ಶುದ್ಧಪ್ರತಿ ತೆಗೆದವನಿಗೆ, ಯಾವ ಕುರ್ಚಿಯಲ್ಲಿ ಅಧಿಕಾರ ಕುಳಿತಿದೆ, ಯಾವ ಕುರ್ಚಿಯಲ್ಲಿ ಬರೀ ಮನುಷ್ಯ ಕುಳಿತಿದ್ದಾನೆ ಎಂಬುದು ಬಾಗಿಲಲ್ಲಿ ನಿಂತಾಗಲೇ ಗೊತ್ತಾಗಿಬಿಡುತ್ತದೆ. ಅಧಿಕಾರವು ಚಾವಣಿಯಲ್ಲಿ ತಲೆಕೆಳಗಾಗಿ ಕುಳಿತಿರುವುದನ್ನು ಮಾತ್ರ ಇದೇ ಮೊದಲ ಬಾರಿಗೆ ಕಾಣುವ ಭಾಗ್ಯ ಒದಗಿದೆ.

ತಾವು ದಯಮಾಡಿಸಿ ಎಂಟು ತಿಂಗಳಾಯಿತು. ಮುಂದಿನ ಪೀಳಿಗೆಗೆ ಉಸಿರಾಡಲು ಯೋಗ್ಯವಾದ ನಗರವನ್ನು ಬಿಟ್ಟುಹೋಗಬೇಕೆಂದು ನಗರಸಭೆಯು ಸಂಕಲ್ಪಿಸಿ, ಆ ಮಹಾಕಾರ್ಯವನ್ನು ನಮ್ಮ ಓದುವ ಕೊಠಡಿಯ ನಾಲ್ಕು ಟ್ಯೂಬ್‌ಲೈಟು, ಎರಡು ಫ್ಯಾನುಗಳಿಂದಲೇ ಆರಂಭಿಸತಕ್ಕದ್ದೆಂದು ತೀರ್ಮಾನಿಸಿದಾಗ ನಾವು ಮನಸಾರೆ ಸಂತೋಷಪಟ್ಟೆವು. ಇದರಲ್ಲಿ ವ್ಯಂಗ್ಯವೇನೂ ಇಲ್ಲ. ಐವತ್ತು ವರ್ಷಗಳ ನಂತರದ ನಗರದಲ್ಲಿ ನಾವ್ಯಾರೂ ವಾಸಿಸುವುದಿಲ್ಲವೆಂಬುದು ನಮ್ಮ ಮೊಣಕಾಲುಗಳಿಗೆ ಚೆನ್ನಾಗಿ ತಿಳಿದಿದೆ. ಆದರೂ ಅಲ್ಲಿನವರ ಗಾಳಿ ನೀರು ಚೆನ್ನಾಗಿರಲೆಂದು ಹಾರೈಸುವಷ್ಟು ದೊಡ್ಡ ಮನಸ್ಸು ನಮಗಿದೆ. ಏಣಿಯೇರಿ ಬಂದ ಕೆಲಸಗಾರನು ಏಳೇ ನಿಮಿಷದಲ್ಲಿ ತಮ್ಮನ್ನು ಸ್ಥಾಪಿಸಿ, ಕೆಳಗಿಳಿದು, "ಕೋಣೇಲಿ ಜನ ಇದ್ರೆ ಲೈಟು ಹತ್ತುತ್ತೆ, ಇಲ್ದಿದ್ರೆ ಆರುತ್ತೆ, ನೀವು ಏನೂ ಮಾಡ್ಬೇಕಾಗಿಲ್ಲ" ಎಂದು ಅಭಯವಿತ್ತನು. ನಾವು ಆತನ ಮಾತನ್ನು ಅಕ್ಷರಶಃ ಪಾಲಿಸಿ, ಏನೂ ಮಾಡದೆ ಕುಳಿತೆವು. ನಾಲ್ಕನೆಯ ನಿಮಿಷಕ್ಕೆ ಕೊಠಡಿ ಕತ್ತಲಾಯಿತು.

ಮಾನ್ಯರೇ, ತಮ್ಮ ತತ್ತ್ವಜ್ಞಾನವನ್ನು ನಾವು ಅರಿತದ್ದು ಆ ಕ್ಷಣದಲ್ಲಿ. ಅಲುಗಾಡುವವನು ಇದ್ದಾನೆ, ಅಲುಗಾಡದವನು ಇಲ್ಲ. ಇಷ್ಟು ಚಿಕ್ಕದಾಗಿ, ಇಷ್ಟು ಸ್ಪಷ್ಟವಾಗಿ ಮನುಷ್ಯನ ಇರವನ್ನು ನಿರೂಪಿಸಿದ ಬೇರೊಂದು ಗ್ರಂಥ ನಮ್ಮ ಆರು ಕಪಾಟುಗಳಲ್ಲಿಯೂ ಇಲ್ಲ. ಓದುವ ಕೊಠಡಿಯೆಂದರೆ ಅಲುಗಾಡದೆ ಕೂರುವ ಸ್ಥಳವಾದ್ದರಿಂದ, ಜನರು ಇದ್ದಷ್ಟೂ ಇಲ್ಲವಾಗುವ ಜಾಗವೊಂದನ್ನು ತಾವು ಆರಿಸಿಕೊಂಡದ್ದು ತಮ್ಮ ದೂರದೃಷ್ಟಿಗೆ ಸಾಕ್ಷಿಯಾಗಿದೆ.

ಮೊದಲ ಕೆಲವು ವಾರ ನಾವು ಸರದಿಯ ಮೇಲೆ ಕೈಬೀಸಿ ತಮ್ಮ ಕೃಪೆಯನ್ನು ಯಾಚಿಸಿದೆವು. ನಮ್ಮ ಪೈಕಿ ನಗರ ಸಾರಿಗೆಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರಣ್ಣ ಒಬ್ಬರಿದ್ದಾರೆ. ಅವರು ಪತ್ರಿಕೆಯನ್ನು ಕೊನೆಯ ಪುಟದಿಂದ ಓದುವವರು. "ಈಗ ತಾನೇ ಆಟದ ಸುದ್ದಿಗೆ ಬಂದೆ ಕಣ್ರಪ್ಪಾ, ಯಾರಾದ್ರೂ ಪುಣ್ಯಾತ್ಮರು ಕೈ ಎತ್ತಿ" ಎಂದು ಕತ್ತಲಲ್ಲಿ ಅವರು ಕೂಗುವುದೂ, ಕೊಠಡಿಯ ಮೇಲ್ವಿಚಾರಕಿಯು "ಸದ್ದು" ಎಂದು ಗದರಿಸುವುದೂ, ಎಲ್ಲರೂ ಒಟ್ಟಿಗೆ ಕೈ ಎತ್ತುವುದೂ, ದೀಪ ಬಂದಾಗ ನಾವೆಲ್ಲ ದರೋಡೆಗೆ ಸಿಕ್ಕವರಂತೆ ಎರಡೂ ಕೈ ಮೇಲೆ ಮಾಡಿ ಕುಳಿತಿರುವುದು ಪರಸ್ಪರ ಕಣ್ಣಿಗೆ ಬೀಳುವುದೂ ದಿನಕ್ಕೆ ಹತ್ತಾರು ಬಾರಿ ನಡೆಯುತ್ತಿತ್ತು. ಈ ವಯಸ್ಸಿನಲ್ಲಿ ಇಷ್ಟು ನಗುವನ್ನು ದಯಪಾಲಿಸಿದ್ದಕ್ಕಾಗಿ ತಮಗೆ ಪ್ರತ್ಯೇಕವಾಗಿ ಋಣಿಯಾಗಿದ್ದೇವೆ.

ಇಲ್ಲಿ ಒಬ್ಬ ಹೆಣ್ಣುಮಗಳ ವಿಚಾರವನ್ನು ತಮ್ಮ ಅವಗಾಹನೆಗೆ ತರಬೇಕಾಗಿದೆ. ತಾವು ಆಕೆಯನ್ನು ಎಂದೂ ಕಂಡಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹಾಕುವುದು ಆಕೆಯ ಉದ್ಯೋಗವಾದ್ದರಿಂದ ಎಲ್ಲರೂ ಕಾಜಾ ಅಕ್ಕ ಎಂದೇ ಕರೆಯುತ್ತಾರೆ. ವಯಸ್ಸು ಮೂವತ್ತೆಂಟು. ಬೆಳಗಿನ ಪಾಳಿ ಮುಗಿಸಿ ಎರಡೂವರೆಗೆ ಬಂದು, ಆರಕ್ಕೆ ಬಾಗಿಲು ಹಾಕುವವರೆಗೆ ಕುಳಿತು, ಹತ್ತನೆಯ ತರಗತಿಯ ಪರೀಕ್ಷೆಗೆ ಖಾಸಗಿಯಾಗಿ ಓದುತ್ತಿದ್ದಾಳೆ. ಈ ವರ್ಷ ಪಾಸಾದರೆ ಮಾತ್ರ ತನ್ನ ಸಾಲಿನ ಸೂಪರ್‌ವೈಸರ್ ಆಗುತ್ತಾಳೆ. ಇಲ್ಲವಾದರೆ ಆ ಜಾಗವು ಕಾಜಾ ಯಾವುದು, ಗುಂಡಿ ಯಾವುದು ಎಂದು ತಿಳಿಯದ, ಆದರೆ ಪ್ರಮಾಣಪತ್ರವುಳ್ಳ ಯಾರಿಗೋ ಹೋಗುತ್ತದೆ. ಮನೆಯಲ್ಲಿ ಎರಡು ಕೋಣೆ, ಆರು ಜನ, ಒಂದು ಟಿವಿ. ಮನೆಯಲ್ಲೇ ಓದಬಾರದೇ ತಾಯಿ ಎಂದು ನಾನೊಮ್ಮೆ ಕೇಳಿದ್ದಕ್ಕೆ ಆಕೆ ಹೇಳಿದ್ದು: "ನಾನು ಪುಸ್ತಕ ಬಿಚ್ಚಿದ ತಕ್ಷಣ ಮನೆಯವರಿಗೆಲ್ಲ ಒಟ್ಟಿಗೆ ಬಾಯಾರಿಕೆ ಆಗುತ್ತೆ ತಾತ. ಅತ್ತೆಗೆ ಬಿಸಿನೀರು, ಯಜಮಾನ್ರಿಗೆ ತಣ್ಣೀರು."

ಕಾಜಾ ಹಾಕುವವರು ಬೆರಳ ತುದಿಯನ್ನುಳಿದು ಬೇರೇನನ್ನೂ ಅಲುಗಿಸಬಾರದಂತೆ; ಅಲುಗಿದರೆ ಬಟ್ಟೆ ಹಾಳು. ಇಪ್ಪತ್ತು ವರ್ಷದ ಈ ಅಭ್ಯಾಸದಿಂದಾಗಿ ಆಕೆ ಪುಸ್ತಕದ ಮುಂದೆ ಕುಳಿತರೆ ಕಲ್ಲಿನ ಕಂಬವೂ ಆಕೆಗಿಂತ ಚಂಚಲವಾಗಿ ಕಾಣುತ್ತದೆ. ಒಂದು ಮೋಡದ ದಿನ ನಾವೆಲ್ಲ ಚಹಾಕ್ಕೆ ಹೋಗಿ ಬಂದಾಗ, ಪೂರ್ತಿ ಕತ್ತಲಾದ ಕೊಠಡಿಯಲ್ಲಿ ಆಕೆ ಒಬ್ಬಳೇ ಕುಳಿತು ತ್ರಿಕೋನದ ಪ್ರಮೇಯವೊಂದನ್ನು ಪುಸ್ತಕಕ್ಕೆ ಮೂಗು ತಾಗಿಸಿ ಬಿಡಿಸುತ್ತಿದ್ದಳು. "ಕತ್ತಲಾಗಿದ್ದು ಗೊತ್ತೇ ಆಗ್ಲಿಲ್ಲ" ಎಂದಳು. ತಮಗೂ ಆಕೆ ಇರುವುದು ಗೊತ್ತಾಗಲಿಲ್ಲ. ಈ ವಿಷಯದಲ್ಲಿ ಇಬ್ಬರೂ ಸರಿಸಮ.

ಅಂದೇ ಮೇಲ್ವಿಚಾರಕಿಯು "ದಿನಾ ಯಾಕೆ ಹೀಗೆ ಕುಣೀಬೇಕು? ಮೇಜನ್ನೇ ಕಿಟಕಿ ಹತ್ರ ಎಳ್ಕೊಂಡು ಹೋಗೋಣ, ಸೂರ್ಯ ಏನು ಕೈಬೀಸು ಅಂತ ಕೇಳ್ತಾನಾ" ಎಂದರು. ಹದಿನಾಲ್ಕು ಕುರ್ಚಿಗಳನ್ನೂ ಉದ್ದನೆಯ ಮೇಜನ್ನೂ ಕಿಟಕಿಯ ಪಕ್ಕಕ್ಕೆ ಸಾಗಿಸಿ, ಬೆಳಕಿಗೆ ಅಡ್ಡವಾಗಿದ್ದ ಕಪಾಟನ್ನು ಬದಿಗೆ ಸರಿಸಿದೆವು. ಎಂಥ ಬೆಳಕು! ಎಂಥ ಗಾಳಿ! ಟ್ಯೂಬ್‌ಲೈಟು ಬೇಡ, ಫ್ಯಾನು ಬೇಡ. ಐದು ತಿಂಗಳು ನಾವು ಈ ನಗರದ ವಿದ್ಯುತ್ತನ್ನು ಒಂದು ಹನಿಯೂ ಮುಟ್ಟಲಿಲ್ಲ. ಸುಸ್ಥಿರ ನಗರವೆಂದರೆ ಇದೇ ಇರಬೇಕೆಂದು ಹೆಮ್ಮೆಪಟ್ಟು, ವಿಭಾಗದವರು ಒಂದು ದಿನ ಬಂದು ಬೆನ್ನು ತಟ್ಟಿಯಾರೆಂದು ಕಾದೆವು. ನಾವು ಮಾಡಿದ ಘನವಾದ ತಪ್ಪು ಇದೇ. ಆ ಮೂಲೆಯು ತಮ್ಮ ದೃಷ್ಟಿಗೆ ನಿಲುಕುವುದಿಲ್ಲವೆಂಬುದನ್ನು ನಾವು ಯೋಚಿಸಲೇ ಇಲ್ಲ.

ಕಳೆದ ತಿಂಗಳು ಬಾಗಿಲಿಗೆ ಒಂದು ಪ್ರಕಟಣೆ ಅಂಟಿತು. ತಾವು ಸಲ್ಲಿಸಿದ ವರದಿಯ ಪ್ರಕಾರ ಕೊಠಡಿಯಲ್ಲಿ ಕೆಲಸದ ದಿನಗಳ ಸರಾಸರಿ ಹಾಜರಿ ಸೊನ್ನೆ ದಶಾಂಶ ಮೂರು ವ್ಯಕ್ತಿ. ಅದು ಬಹುಶಃ ನಡುವಿನ ನೆಲವನ್ನಷ್ಟೇ ಗುಡಿಸಿ ಹೋಗುವ ಹೆಂಗಸಿನ ಪೊರಕೆಯ ಭಾಗ. ಬೀಗ ಹಾಕಿರುವ ಭಾನುವಾರಗಳಂದು ಹಾಜರಿ ಹನ್ನೊಂದು. ಭಾನುವಾರ ಗವಾಕ್ಷಿಯಿಂದ ಒಳಬಂದು ಕೊಠಡಿಯ ನಡುವೆ ಸಭೆ ಸೇರುವ ಪಾರಿವಾಳಗಳನ್ನು ತಾವು ಪ್ರಾಮಾಣಿಕವಾಗಿ ಎಣಿಸಿದ್ದೀರಿ. ಅವುಗಳ ವಾಚನಾಭಿರುಚಿಯ ಬಗ್ಗೆ ಚಕಾರವೆತ್ತುವವರು ನಾವಲ್ಲ. ನಮ್ಮಲ್ಲಿನ ಎಷ್ಟೋ ಗ್ರಂಥಗಳಿಗೆ ಅವುಗಳಷ್ಟು ನೇರವಾಗಿ ಅಭಿಪ್ರಾಯವನ್ನು ಮೇಲೆಯೇ ಬಿಟ್ಟುಹೋದ ಓದುಗರು ಬೇರೆ ಸಿಕ್ಕಿಲ್ಲ. ಒಟ್ಟಿನಲ್ಲಿ, ಬಳಕೆಯಾಗದ ಈ ಸ್ಥಳವನ್ನು ಮುಂದಿನ ಒಂದನೆಯ ತಾರೀಖಿನಿಂದ ಮುಚ್ಚಿ, 'ನಾಳಿನ ಸುಸ್ಥಿರ ನಗರ' ಎಂಬ ಪ್ರದರ್ಶನ ಮಂದಿರವನ್ನಾಗಿ ಪರಿವರ್ತಿಸಿ, ಅಲ್ಲಿ ಹಗಲಿರುಳೂ ಬೆಳಗುವ ಹದಿನಾರು ಪರದೆಗಳನ್ನು ಅಳವಡಿಸಿ, ವಿದ್ಯುತ್ ಉಳಿಸುವ ಬಗೆಯನ್ನು ಜನತೆಗೆ ತೋರಿಸಲಾಗುವುದೆಂದು ಬರೆದಿತ್ತು. ಕಾಜಾ ಅಕ್ಕನ ಪರೀಕ್ಷೆ ಆ ಒಂದನೆಯ ತಾರೀಖಿಗೆ ಮೂರು ವಾರಗಳ ನಂತರ.

ಸ್ಥಳ ಪರಿಶೀಲನೆಗೆ ವಿಭಾಗದ ಅಧಿಕಾರಿಗಳೇ ಬಂದರು. ಅವರು ಕೂರುವ ಸ್ವಭಾವದವರಲ್ಲ, ಕೊಠಡಿಯ ನಡುವೆ ಅತ್ತಿಂದಿತ್ತ ಓಡಾಡುತ್ತ ಮಾತನಾಡುವವರಾದ್ದರಿಂದ, ಅವರಿದ್ದಷ್ಟು ಹೊತ್ತೂ ನಾಲ್ಕು ದೀಪಗಳೂ ಜಗಮಗಿಸಿ ಎರಡು ಫ್ಯಾನುಗಳೂ ಗಿರಗಿರನೆ ಸುತ್ತಿದವು. "ನೋಡಿ, ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ" ಎಂದು ತಮ್ಮನ್ನು ಹೊಗಳಿದರು. ಕಿಟಕಿಯ ಕಡೆ ತಿರುಗಿ, ಕುಳಿತಿದ್ದ ನಮ್ಮ ಒಂಬತ್ತು ಜನರನ್ನು ಕಂಡು, "ಇವರೆಲ್ಲ ಯಾರು?" ಎಂದರು. ಓದುಗರು ಎಂದು ಮೇಲ್ವಿಚಾರಕಿ ಹೇಳಿದರೆ, ಕೈಯಲ್ಲಿದ್ದ ಟ್ಯಾಬ್ಲೆಟ್ಟಿನ ಪರದೆಯನ್ನು ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಸರಿಸಿ ನೋಡಿ, "ರಿಪೋರ್ಟಲ್ಲಿ ಇಲ್ವಲ್ಲಮ್ಮ" ಎಂದು ನಿಜವಾಗಿಯೂ ನೊಂದುಕೊಂಡರು.

ಒಂಬತ್ತು ಜನರೂ ಅವರ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತನು ಬಹಳ ಮರ್ಯಾದಸ್ಥ. "ಕರೆಂಟು ಉರಿದಿಲ್ಲ, ಫ್ಯಾನು ತಿರುಗಿಲ್ಲ. ನೀವಲ್ಲಿದ್ರಿ ಅಂತ ನಾನು ಹೇಗೆ ನಂಬ್ಲಿ ತಾತ?" ಎಂದನು. ನಾವು ದಿನವೂ ಸಹಿ ಹಾಕುವ ಹಾಜರಿ ಪುಸ್ತಕವನ್ನು ಮೇಲ್ವಿಚಾರಕಿಯು ಮುಂದಿಟ್ಟರು. ಐದು ತಿಂಗಳ ಸಹಿಗಳು, ನೀಲಿ ಶಾಯಿ, ಗೆರೆ ತಪ್ಪದೆ. ಆತನು ಅದನ್ನು ಮುಟ್ಟದೆ ಕೈಮುಗಿದು, "ಇದು ಪೇಪರ್ ಉಳಿಸೋ ಆಫೀಸಮ್ಮ, ನಾವು ಪೇಪರ್ ಓದೋ ಹಾಗಿಲ್ಲ" ಎಂದು, ನಾವು ಬಂದುಹೋದುದಕ್ಕೆ ರಸೀತಿಯನ್ನು ಮೂರು ಪ್ರತಿಗಳಲ್ಲಿ ಮುದ್ರಿಸಿ ಕೊಟ್ಟನು. ಆದರೂ ನಮ್ಮ ನರೆತ ತಲೆಗೂದಲಿಗೆ ಮರುಗಿ, ಏಳು ದಿನಗಳ ಮರು ಎಣಿಕೆಯನ್ನು ಮಂಜೂರು ಮಾಡಿಸಿದನು. ಆ ಏಳು ದಿನ ತಾವು ಏನು ಕಾಣುವಿರೋ ಅದೇ ಅಂತಿಮ.

ಮಾನ್ಯರೇ, ಆ ಏಳು ದಿನಗಳನ್ನು ತಾವು ಮರೆತಿರಲಾರಿರಿ. ಮೇಜು ಕುರ್ಚಿಗಳನ್ನು ಮತ್ತೆ ತಮ್ಮ ಕಣ್ಣಿನ ಕೆಳಕ್ಕೇ ತಂದು, ಸರದಿಯ ಪಟ್ಟಿಯೊಂದನ್ನು ನಾನು ಸ್ವಹಸ್ತದಿಂದ ಬರೆದು ಗೋಡೆಗೆ ತೂಗುಹಾಕಿದೆನು. ಡ್ರೈವರಣ್ಣ ಕುರ್ಚಿಯೊಂದರ ಮೇಲೆ ಕುಳಿತು ಇಲ್ಲದ ಬಸ್ಸನ್ನು ದಿನಕ್ಕೆ ಎರಡು ಗಂಟೆ ಓಡಿಸಿದರು; ಗೇರು ಬದಲಿಸಿದರು, ಕಿಟಕಿಯಿಂದ ಕೈ ಹೊರಹಾಕಿ ತಿರುವು ತೋರಿಸಿದರು, ಅಡ್ಡ ಬಂದವರನ್ನು ಬರೀ ತುಟಿಯಲ್ಲಿ ಬೈದರು. ಮೇಲ್ವಿಚಾರಕಿಯು ಇದ್ದ ಧೂಳನ್ನೂ ಇಲ್ಲದ ಧೂಳನ್ನೂ ಒರೆಸಿದರು. ಎಪ್ಪತ್ತಾರು ವರ್ಷದ ನಾನು ಸೊಂಟದ ಅನುಮತಿ ಇದ್ದಷ್ಟು ಬಾಗಿ ಎದ್ದೆನು. ಕಾಜಾ ಅಕ್ಕ ತಾನೂ ಎದ್ದು ಸರದಿ ವಹಿಸುತ್ತೇನೆಂದಾಗ ಡ್ರೈವರಣ್ಣ ಸ್ಟಿಯರಿಂಗ್ ಬಿಡದೆಯೇ, "ನೀನು ಅಲ್ಲಾಡಿದ್ರೆ ನೋಡು! ಇಷ್ಟು ಜನ ಮುದುಕರು ಯಾರಿಗೋಸ್ಕರ ಕುಣೀತಿದೀವಿ ಅಂದ್ಕೊಂಡೆ?" ಎಂದು ಗದರಿದರು. ಆಕೆ ತಲೆತಗ್ಗಿಸಿದಳು. ಸುತ್ತಲೂ ಎಂಟು ಜನ ಕೈಕಾಲು ಬೀಸುತ್ತಿರಲು, ನಡುವೆ ಆಕೆ ಒಬ್ಬಳೇ ಅಲುಗದೆ ಕುಳಿತು ಸಸ್ಯಗಳು ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಕ್ರಮವನ್ನು ಬಾಯಿಪಾಠ ಮಾಡಿದಳು. ದೀಪಗಳು ಏಳು ದಿನವೂ ಆರಲಿಲ್ಲ. ಐದು ತಿಂಗಳಲ್ಲಿ ನಾವು ಉಳಿಸಿದ್ದನ್ನೆಲ್ಲ ಇದ್ದೇವೆಂದು ತೋರಿಸಿಕೊಳ್ಳುವುದಕ್ಕಾಗಿ ಸುಟ್ಟೆವು.

ತಾವು ಎಣಿಸಿದಿರಿ, ಒಪ್ಪುತ್ತೇನೆ. ಆದೇಶವೂ ಬಂದಿತು. ಸದರಿ ಕೊಠಡಿಯಲ್ಲಿ ಅತಿ ತೀವ್ರವಾದ ದೈಹಿಕ ಚಲನೆ ನಿರಂತರವಾಗಿ ಕಂಡುಬಂದಿರುವುದರಿಂದ ಅದನ್ನು ಮುಚ್ಚುವ ಪ್ರಸ್ತಾವವನ್ನು ಕೈಬಿಟ್ಟು, ಹಿರಿಯ ನಾಗರಿಕರ ವ್ಯಾಯಾಮ ಕೇಂದ್ರವೆಂದು ಘೋಷಿಸಲಾಗಿದೆಯೆಂದೂ, ಚಲನೆಗೆ ಅಡ್ಡಿಯಾಗುವ ಮೇಜು, ಕುರ್ಚಿ, ಕಪಾಟು, ಪುಸ್ತಕಗಳನ್ನು ತಿಂಗಳಾಂತ್ಯದೊಳಗೆ ತೆರವುಗೊಳಿಸಿ, ವ್ಯಾಯಾಮ ಸಾಧನಗಳನ್ನು ಮಾತ್ರ ಇರಿಸಿಕೊಳ್ಳತಕ್ಕದ್ದೆಂದೂ ಅದರಲ್ಲಿತ್ತು. ಮೇಲ್ವಿಚಾರಕಿಯು ಅದನ್ನು ಗಟ್ಟಿಯಾಗಿ ಓದಿ ಮುಗಿಸಿದರು. ಕಾಜಾ ಅಕ್ಕ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡು, "ಹೋಗ್ಲಿ ಬಿಡಿ ತಾತ, ಕಾರ್ಖಾನೆ ಮೆಟ್ಟಿಲ ಮೇಲೆ ಕೂತು ಓದ್ಕೋತೀನಿ" ಎಂದಳು. ಆ ಮೆಟ್ಟಿಲುಗಳ ಮೇಲೆ ಪಾಳಿ ಬದಲಾಗುವಾಗ ನಾನೂರು ಜನ ಹತ್ತಿ ಇಳಿಯುತ್ತಾರೆ.

ಆದಕಾರಣ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ, ಇನ್ನು ಮುಂದೆ ತಾವು ದಯವಿಟ್ಟು ಓದುಗರ ಉಸಿರಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದು ಸಾಧ್ಯವಾಗದಿದ್ದಲ್ಲಿ, ಸಾಲಿನ ಎಡದಿಂದ ಬಲಕ್ಕೆ ಚಲಿಸಿ ಮತ್ತೆ ಎಡಕ್ಕೆ ಮರಳುವ ಕಣ್ಣುಗುಡ್ಡೆಯನ್ನಾದರೂ ಚಲನೆಯೆಂದು ಮಾನ್ಯ ಮಾಡಬೇಕು. ಅದೂ ತಮ್ಮ ಘನತೆಗೆ ಕುಂದೆನಿಸಿದಲ್ಲಿ, ನಮ್ಮನ್ನು ಪಾರಿವಾಳಗಳಿಗೆ ಸಮಾನವಾದ ದರ್ಜೆಗೆ ಏರಿಸಿ ಅವುಗಳಿಗೆ ಸಲ್ಲುತ್ತಿರುವ ಸಕಲ ಸೌಲಭ್ಯಗಳನ್ನು ಒದಗಿಸಬೇಕು. ತಮ್ಮ ಸಹೋದರರೊಬ್ಬರನ್ನು ನಗರಸಭೆಯ ಸಭಾಂಗಣದ ಚಾವಣಿಗೂ ನೇಮಿಸಬೇಕೆಂದು ವಿಶೇಷವಾಗಿ ಕೋರುತ್ತೇನೆ. ಅಲ್ಲಿ ಸುಸ್ಥಿರ ಭವಿಷ್ಯದ ಕುರಿತು ದಿನಗಟ್ಟಲೆ ನಡೆಯುವ ಸಭೆಗಳಲ್ಲಿ ಊಟದ ನಂತರದ ಅವಧಿಯ ಹಾಜರಿ ಎಷ್ಟು ದಶಾಂಶವೆಂಬುದನ್ನು ತಿಳಿಯಲು ನಾಗರಿಕರು ಕುತೂಹಲಿಗಳಾಗಿದ್ದಾರೆ.

ಈ ಪ್ರಾರ್ಥನೆಗಳು ಈಡೇರುವವರೆಗೆ ಕೈಕಟ್ಟಿ ಕೂರಬಾರದೆಂದು ಆದೇಶವೇ ಹೇಳಿರುವುದರಿಂದ, ಅದನ್ನು ಪಾಲಿಸುವ ವ್ಯವಸ್ಥೆಯನ್ನೂ ಮಾಡಿದ್ದೇವೆ. ಮೇಲ್ವಿಚಾರಕಿಯು ಹೊಸ ದಾಸ್ತಾನು ಪುಸ್ತಕವೊಂದನ್ನು ನನ್ನ ಮುಂದಿಟ್ಟು, "ನಿಮ್ಮ ಅಕ್ಷರದಲ್ಲೇ ಬರೀರಿ ತಾತ, ನೋಡಿದವರು ಎದುರು ಮಾತಾಡಬಾರದು" ಎಂದರು. ನಾನು ಬರೆದೆನು. ಕೂತು ಏಳುವ ಸಾಧನ, ನಾಲ್ಕು ಕಾಲುಳ್ಳದ್ದು, ಹದಿನಾಲ್ಕು. ಮೊಣಕೈ ಊರುವ ಸಾಧನ, ಉದ್ದನೆಯದು, ಒಂದು. ಭುಜಗಳನ್ನು ಅಗಲಿಸುವ ಸಾಧನ, ದಿನವೂ ಬೆಳಿಗ್ಗೆ ಹೊಸದಾಗಿ ಬರುವಂಥದು, ನಾಲ್ಕು ಪತ್ರಿಕೆ. ಎತ್ತುವ ತೂಕಗಳು, ವಿವಿಧ ಗಾತ್ರದವು, ಎರಡು ಸಾವಿರದ ನೂರ ಆರು. ಇವುಗಳಲ್ಲಿ ನಿಘಂಟು ಮೂರೂವರೆ ಕಿಲೋ, ಮಣಿಕಟ್ಟಿನ ಬಲವರ್ಧನೆಗೆ. ಹತ್ತನೆಯ ತರಗತಿಯ ಗಣಿತ, ನಾನೂರು ಗ್ರಾಂ, ಹಗುರವಾಗಿ ಕಂಡರೂ ಎತ್ತುವುದು ಕಷ್ಟ. ಕಪಾಟುಗಳನ್ನು ತೂಕ ಜೋಡಿಸುವ ನಿಲುವುಗಳೆಂದು ನಮೂದಿಸಿದೆನು. ನಿನ್ನೆ ನಗರಸಭೆಯ ಉಗ್ರಾಣದ ಸಿಬ್ಬಂದಿ ಬಂದು, ದಾಸ್ತಾನು ಪುಸ್ತಕವನ್ನೂ ವಸ್ತುಗಳನ್ನೂ ತಾಳೆ ನೋಡಿ, ಒಂದು ತೂಕವೂ ಕಡಿಮೆ ಇಲ್ಲವೆಂದು ಮೆಚ್ಚಿ, ಮೊಹರು ಒತ್ತಿ ಹೋದರು.

ಇದನ್ನೆಲ್ಲ ಪತ್ರಿಕೆಯಲ್ಲಿ ಅಚ್ಚಾಗಲಿರುವ ಬಹಿರಂಗ ಪತ್ರದಲ್ಲಿ ಬರೆದರೆ ವಿಭಾಗಕ್ಕೆ ಗೊತ್ತಾಗಿಬಿಡುವುದಿಲ್ಲವೇ ಎಂದು ಡ್ರೈವರಣ್ಣ ಗಾಬರಿಪಟ್ಟರು. ಕಾಗದದ ಮೇಲೆ ಅಚ್ಚಾದದ್ದನ್ನು ಆ ವಿಭಾಗವು ನಿಯಮಾನುಸಾರ ಓದುವಂತಿಲ್ಲವಾದ್ದರಿಂದ, ಗುಟ್ಟನ್ನು ಬಚ್ಚಿಡಲು ಇದಕ್ಕಿಂತ ಭದ್ರವಾದ ಜಾಗ ಈ ನಗರದಲ್ಲಿಲ್ಲವೆಂದು ಅವರಿಗೆ ಧೈರ್ಯ ಹೇಳಿದ್ದೇನೆ.

ಸಾಧನಗಳನ್ನೆಲ್ಲ ಮತ್ತೆ ಕಿಟಕಿಯ ಪಕ್ಕಕ್ಕೆ ಸಾಗಿಸಿ, ಇಂದಿನಿಂದ ವ್ಯಾಯಾಮ ಆರಂಭಿಸಿದ್ದೇವೆ. ಪರೀಕ್ಷೆಗೆ ಇನ್ನು ಇಪ್ಪತ್ತೆರಡು ದಿನ. ನಾವು ಎಂಟು ಜನ ಆಗಾಗ್ಗೆ ಎದ್ದು ತಮ್ಮ ಕಣ್ಣಿನ ಕೆಳಗೆ ಒಂದು ಸುತ್ತು ಹಾಕಿ ಬರುತ್ತೇವೆ. ಕಿಟಕಿಯ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ನಾನೂರು ಗ್ರಾಂ ತೂಕವೊಂದನ್ನು ಎರಡೂ ಕೈಯಲ್ಲಿ ಹಿಡಿದು, ಮೂರೂವರೆ ಗಂಟೆಗಳ ಕಾಲ ಕೆಳಗಿಳಿಸದೆ, ಅದನ್ನೇ ದಿಟ್ಟಿಸುತ್ತ ಕುಳಿತಿರುತ್ತಾಳೆ. ತಾವು ಇಷ್ಟು ದಿನ ಹೇಗೋ ಹಾಗೆಯೇ ಮುಂದೆಯೂ ಆಕೆಯನ್ನು ಕಾಣದೇ ಇರುವ ಕೃಪೆ ಮಾಡಬೇಕೆಂದು ಬೇಡಿಕೊಂಡು, ಬಾಗಿದ ಸೊಂಟವನ್ನು ಇನ್ನಷ್ಟು ಬಾಗಿಸಿ, ಅದು ತಮ್ಮ ದಾಖಲೆಗೆ ಒಂದು ಚಲನೆಯಾಗಿ ಸೇರಲೆಂದು ಆಶಿಸುವ,

ತಮ್ಮ ವಿಶ್ವಾಸಿ,
ನಕಲು ವಿಭಾಗದ ನಿವೃತ್ತ ಗುಮಾಸ್ತ,
ಸದ್ಯ ವ್ಯಾಯಾಮಪಟು.

ಮರೆತ ಮಾತು: ಕಾಜಾ ಅಕ್ಕನ ಅಭ್ಯಾಸದ ಉತ್ತರಗಳನ್ನು ತಿದ್ದುವ ಹೊಣೆ ನನ್ನದು. ಹಳೆಯ ಪ್ರಶ್ನೆಪತ್ರಿಕೆಯೊಂದರಲ್ಲಿ 'ನಗರಗಳನ್ನು ಭವಿಷ್ಯದಲ್ಲಿ ಪರಿಸರಸ್ನೇಹಿಯಾಗಿಸಲು ಕೈಗೊಳ್ಳಬೇಕಾದ ಐದು ಕ್ರಮಗಳನ್ನು ಬರೆಯಿರಿ' ಎಂದು ಐದು ಅಂಕದ ಪ್ರಶ್ನೆಯಿತ್ತು. ಗಿಡ ನೆಡುವುದು, ನೀರಿಂಗಿಸುವುದು ಮುಂತಾಗಿ ಪಠ್ಯದಲ್ಲಿರುವುದನ್ನೆಲ್ಲ ಬಿಟ್ಟು, ಆಕೆ ಒಂದೇ ಸಾಲು ಬರೆದಿದ್ದಳು: 'ಕೋಣೆ ಖಾಲಿ ಇದೆ ಎಂದು ಬರೆಯುವ ಮೊದಲು ಒಳಗೆ ಬಂದು ಒಂದು ಗಳಿಗೆ ಕೂರುವುದು.' ನಾಲ್ಕೂವರೆ ಅಂಕ ಕೊಟ್ಟಿದ್ದೇನೆ. ಅರ್ಧ ಅಂಕವನ್ನು ಅಕ್ಷರ ಸೊಟ್ಟಗಿದ್ದುದಕ್ಕೆ ಕಳೆದಿದ್ದೇನೆ.